ತೇಪೆಯಿಲ್ಲದ ಹಡಗು

ದಿಮ್ಮಿಯಜ್ಜನ ಕೈ ಹಡಗಿನ ಹೊಟ್ಟೆಯ ಮೇಲೆ ಮೂರು ಸಲ ಹೋಗಿ ಮೂರು ಸಲ ಬಂತು. ಸಿಗಬೇಕಾದದ್ದು ಸಿಗಲಿಲ್ಲ.

ಬೆಳಗಿನ ಏಳು ಗಂಟೆ. ಕೆಲಸದ ಸೈರನ್ ಕೂಗುವುದಕ್ಕೆ ಇನ್ನೂ ಒಂದು ಗಂಟೆಯಿತ್ತು. ನೀರು ಖಾಲಿ ಮಾಡಿದ ಡಾಕಿನ ತಳದಲ್ಲಿ ಅವನೊಬ್ಬನೇ ಇದ್ದ. ಡಾಕೆಂದರೆ ಮತ್ತೇನಲ್ಲ, ಸಮುದ್ರದ ಅಂಚಿಗೆ ಕಲ್ಲು ಕಟ್ಟಿದ ದೊಡ್ಡ ಗುಂಡಿ. ಬಾಗಿಲು ತೆಗೆದು ನೀರು ಬಿಟ್ಟರೆ ಹಡಗು ತೇಲಿಕೊಂಡು ಒಳಗೆ ಬರುತ್ತದೆ. ಬಾಗಿಲು ಮುಚ್ಚಿ ನೀರನ್ನು ಹೊರಗೆ ಹಾಕಿದರೆ ಮೆಲ್ಲಗೆ ಇಳಿದು, ತಳದಲ್ಲಿ ಸಾಲಾಗಿಟ್ಟ ಮರದ ದಿಮ್ಮಿಗಳ ಮೇಲೆ ಕೂರುತ್ತದೆ. ಆಮೇಲೆ ಜನ ಅದರ ಕೆಳಗೆ ನುಗ್ಗಿ ಚಿಪ್ಪು ಕೆರೆದು, ತುಕ್ಕು ಉಜ್ಜಿ, ಬಣ್ಣ ಬಳಿಯುತ್ತಾರೆ. ಯಾವ ದಿಮ್ಮಿ ಎಷ್ಟೆತ್ತರ ಇರಬೇಕೆಂದು ನೋಡಿ ಜೋಡಿಸುವುದೇ ಅಜ್ಜನ ಜೀವಮಾನದ ಕೆಲಸ. ಅವನಪ್ಪನೂ ಅದನ್ನೇ ಮಾಡಿದವನು. ಅಜ್ಜ ಓದಿದ್ದು ಎರಡನೇ ಕ್ಲಾಸು. ಉಳಿದದ್ದೆಲ್ಲ ತಲೆಯಲ್ಲಿತ್ತು. ಅಜ್ಜನ ತಲೆ ಅಂದರೆ ಕಲ್ಲಿನ ಶಾಸನ ಎಂದು ಡಾಕಿನವರು ಹೇಳುತ್ತಿದ್ದರು. ನಿವೃತ್ತಿಯಾಗಿ ಹನ್ನೊಂದು ವರ್ಷವಾಗಿದ್ದರೂ ಈ ಒಂದು ಹಡಗಿಗಾಗಿ ಮನೆಗೆ ಜೀಪು ಕಳಿಸಿ ಕರೆಸಿಕೊಂಡಿದ್ದರು.

ಊರಿನ ಜನ ನೌಕಾಪಡೆಯ ಹಡಗುಗಳನ್ನು ಮೇಲಿನಿಂದ ಬಲ್ಲರು: ಬಾವುಟ, ತೋಪು, ಬಿಳಿಬಟ್ಟೆ ತೊಟ್ಟು ಸಾಲುಗಟ್ಟಿ ನಿಂತ ನಾವಿಕರು. ಅಜ್ಜ ಕೆಳಗಿನಿಂದ ಬಲ್ಲ. ನೌಕಾಪಡೆ ಕೊಂಡ ಮೊಟ್ಟಮೊದಲ ಯುದ್ಧನೌಕೆಯ ಚಿತ್ರ ಶಾಲೆಯ ಪುಸ್ತಕದಲ್ಲಿ ಮಹಾರಾಣಿಯ ಹಾಗಿದೆ. ಅದರ ಹೊಟ್ಟೆ ಮಾತ್ರ ಹತ್ತು ಕಡೆ ತೇಪೆ ಹಾಕಿದ ಹಳೇ ಕಂಬಳಿ. ವಿಮಾನ ಹೊತ್ತು ತಿರುಗುವ ದೊಡ್ಡ ಹಡಗು ಬಂದ ವರ್ಷ ಡಾಕಿನ ಎರಡೂ ಪಕ್ಕ ಒಂದೊಂದು ಗೇಣು ಬಿಟ್ಟರೆ ಜಾಗವೇ ಉಳಿಯಲಿಲ್ಲ, ಇನ್ನೂರ ಹತ್ತು ದಿಮ್ಮಿ ಬೇಕಾದವು. ಜಲಾಂತರ್ಗಾಮಿಯನ್ನಂತೂ ಹೊಸ ಬಾಣಂತಿಯನ್ನು ಮಲಗಿಸಿದ ಹಾಗೆ ಮಲಗಿಸಬೇಕಿತ್ತು.

ಆದರೆ ಎಲ್ಲಕ್ಕಿಂತ ದೊಡ್ಡ ಹೆಸರು ಈಗ ಅವನ ತಲೆಯ ಮೇಲೆ ಕೂತಿದ್ದ ಈ ಹಡಗಿನದು. ಐವತ್ತು ವರ್ಷದ ಹಿಂದಿನ ಯುದ್ಧದಲ್ಲಿ, ನೀರಿನಲ್ಲಿ ತೇಲಿಬಿಟ್ಟ ಮೈನು ಎಂಬ ಸಿಡಿಗುಂಡು ತಗುಲಿ ಹೊಟ್ಟೆ ಒಡೆದರೂ ಮುಳುಗದೆ, ಮುಳುಗಿದ ಇನ್ನೆರಡು ಹಡಗುಗಳ ಜನರನ್ನೂ ಹೊತ್ತುಕೊಂಡು ಬಂದರಿಗೆ ಬಂದ ಹಡಗು. ಆ ಪೆಟ್ಟಿಗೆ ಅದರ ಬೆನ್ನೆಲುಬು, ಅಂದರೆ ಹೊಟ್ಟೆಯ ಅಡಿಯಲ್ಲಿ ಉದ್ದಕ್ಕೂ ಹಾದ ಉಕ್ಕಿನ ತೊಲೆ, ನಟ್ಟನಡುವೆ ಒಂದೂವರೆ ಬೆರಳು ಮೇಲಕ್ಕೆ ಬಾಗಿತ್ತು. ಒಡೆದ ಜಾಗಕ್ಕೆ ಮನೆಬಾಗಿಲಿನಷ್ಟು ದೊಡ್ಡ ಉಕ್ಕಿನ ತೇಪೆ ಹಾಕಿದಾಗ, ರಿವೆಟ್ ಮೊಳೆಗಳನ್ನು ಕೆಂಪಗೆ ಕಾಯಿಸಿ ಇಕ್ಕಳದಲ್ಲಿ ಎತ್ತಿ ಕೊಟ್ಟವನು ಹತ್ತೊಂಬತ್ತರ ಅಜ್ಜನೇ. ಇವತ್ತು ಆ ತೇಪೆಯನ್ನು ನೋಡಿಹೋಗಲೆಂದೇ ಬೇಗ ಬಂದಿದ್ದ, ಬಹಳ ದಿನದ ಮೇಲೆ ನೆಂಟರ ಮನೆಗೆ ಬಂದ ಹಾಗೆ. ಇಷ್ಟು ದಿನ ಪಾಚಿ, ಚಿಪ್ಪು ಮುಚ್ಚಿಕೊಂಡು ಏನೂ ಕಂಡಿರಲಿಲ್ಲ. ನಿನ್ನೆ ಸಂಜೆ, ಡಾಕಿನಲ್ಲೇ ಕೆಲಸ ಮಾಡುವ ಅವನ ಮಗಳ ತಂಡ ನಡುಭಾಗವನ್ನು ಕೆರೆದು ಬೋಳು ಮಾಡಿತ್ತು.

ಎಡಗಡೆ ತೇಪೆಯಿರಲಿಲ್ಲ. ತಪ್ಪಿರಬಹುದೆಂದು ಬಗ್ಗಿಕೊಂಡೇ ಬಲಗಡೆಗೆ ಹೋಗಿ ತಡವಿದ. ಅಲ್ಲೂ ಇಲ್ಲ. ಬ್ಯಾಟರಿ ಹಿಡಿದು ಮೂವತ್ತನೇ ದಿಮ್ಮಿಯಿಂದ ಐವತ್ತನೆಯದರವರೆಗೆ ನಡೆದ. ಉಕ್ಕು ಗಾಜಿನ ಹಾಗೆ ನುಣ್ಣಗಿತ್ತು. ಒಂದು ರಿವೆಟ್ಟಿನ ತಲೆಯೂ ಬೆರಳಿಗೆ ತಗುಲಲಿಲ್ಲ.

ಅಜ್ಜ ಅಲ್ಲೇ ಒದ್ದೆ ನೆಲದ ಮೇಲೆ ಕೂತ. ಕೂತ ಮೇಲೆ, ಕರೆಯದೇ ಬರುವ ಅತಿಥಿಯ ಹಾಗೆ, ನೆನಪು ಬಂತು.

ಹಡಗುಗಳು ಎರಡಿದ್ದವು. ಒಂದೇ ನಕ್ಷೆಯ ಮೇಲೆ, ಒಂದೇ ಕಾರ್ಖಾನೆಯಲ್ಲಿ ಹುಟ್ಟಿದ ಅಕ್ಕತಂಗಿಯರು. ಮೈನು ತಗುಲಿದ್ದು ಅಕ್ಕನಿಗೆ. ಬಾಗಿದ ಬೆನ್ನು ದೊಡ್ಡ ಅಲೆಗಳನ್ನು ತಡೆಯುವುದಿಲ್ಲವೆಂದು ಏಳು ವರ್ಷದ ನಂತರ ಅದನ್ನು ಒಡೆದು ಕಬ್ಬಿಣ ಮಾಡಿದರು. ನೌಕಾಪಡೆಯಲ್ಲಿ ಒಂದು ರೂಢಿಯಿದೆ: ಹಡಗು ಸತ್ತರೂ ದೊಡ್ಡ ಹೆಸರನ್ನು ಸಾಯಲು ಬಿಡುವುದಿಲ್ಲ. ತಂಗಿಯ ಹಿಂಭಾಗದ ಅಕ್ಷರಗಳನ್ನು ಉಜ್ಜಿ ತೆಗೆದು ಅಕ್ಕನ ಹೆಸರನ್ನು ಕೂರಿಸಿದರು. ಅಕ್ಕನ ಗಂಟೆ, ಅಕ್ಕನ ಯುದ್ಧಗಳ ಪಟ್ಟಿ ಬರೆದ ಹಿತ್ತಾಳೆಯ ಹಲಗೆ, ಎಲ್ಲ ತಂಗಿಗೆ ಬಂದವು. ಅವತ್ತು ಅಜ್ಜ ದಡದ ಮೇಲೆ ನಿಂತು ಕಣ್ಣಾರೆ ನೋಡಿದ್ದ. ಆಮೇಲೆ ತಂಗಿ ಬೇರೆ ಬಂದರಿಗೆ ಹೋಗಿ ಅಲ್ಲೇ ಇದ್ದುಬಿಟ್ಟಿತು. ಇಲ್ಲಿ ಅಜ್ಜ ಶಾಲೆಯ ಮಕ್ಕಳಿಗೆ, ಪತ್ರಿಕೆಯವರಿಗೆ, ಮದುವೆಮನೆಯ ಪಂಕ್ತಿಯಲ್ಲಿ ಪಕ್ಕ ಕೂತವರಿಗೆ ಆ ಹಡಗಿನ ಕಥೆ ಹೇಳಿದ, ಹೇಳಿದ, ನಲವತ್ತು ವರ್ಷ ಹೇಳಿದ. ಹೇಳಿ ಹೇಳಿ ಇಬ್ಬರನ್ನೂ ಒಬ್ಬಳನ್ನಾಗಿ ಮಾಡಿಬಿಟ್ಟಿದ್ದ.

ತಂಗಿಯ ಬೆನ್ನು ನೆಟ್ಟಗಿತ್ತು. ಅಜ್ಜ ದಿಮ್ಮಿ ಜೋಡಿಸಿದ್ದು ಅಕ್ಕನ ಬಾಗಿದ ಬೆನ್ನಿಗೆ.

ಹಡಗು ಬರುವ ಮುಂಚೆ, ಡಾಕಿನ ಹೊಣೆ ಹೊತ್ತ ಡಾಕ್ ಮಾಸ್ಟರ್ ನಕ್ಷೆ ಹರವಿಕೊಂಡು, ಇದರಲ್ಲಿ ಬೆನ್ನು ನೇರ ಇದೆಯಲ್ಲ ಎಂದು ಕೇಳಿದ್ದರು. ಆಗ ಅಜ್ಜ ನಗುತ್ತ, ಕಾಗದ ಯುದ್ಧಕ್ಕೆ ಮುಂಚಿನದು ಸರ್, ಬೆನ್ನು ಯುದ್ಧದ ಆಮೇಲಿಂದು ಎಂದಿದ್ದ. ಎಲ್ಲರೂ ತಲೆದೂಗಿದ್ದರು. ನಕ್ಷೆಯನ್ನು ಸುರುಳಿ ಸುತ್ತಿಟ್ಟು, ನಡುವಿನ ಇಪ್ಪತ್ತು ದಿಮ್ಮಿಗಳನ್ನು ಅಜ್ಜ ಹೇಳಿದಷ್ಟು ಎತ್ತರಿಸಿದ್ದರು.

ಹಾಗಾದರೆ ಇಡೀ ಹಡಗಿನ ಭಾರ ಈಗ ಆ ಇಪ್ಪತ್ತರ ಮೇಲೆ. ಅಜ್ಜ ನಲವತ್ತನೇ ದಿಮ್ಮಿಯ ಬಳಿ ತೆವಳಿ ಹೋದ. ದಿಮ್ಮಿಗಳ ನೆತ್ತಿಯ ಮೇಲೆ ಮೆತ್ತನೆ ಮರದ ಹಲಗೆ ಇರುತ್ತದೆ, ಹಡಗು ಕೂತಾಗ ಸ್ವಲ್ಪ ಅಮುಕಿಕೊಳ್ಳಲಿ ಎಂದು. ಇಲ್ಲಿ ಆ ಹಲಗೆ ಅಗಿದು ಬಿಟ್ಟ ಕಬ್ಬಿನ ಹಾಗೆ ನಾರುನಾರಾಗಿ ಹೊರಗೆ ಬಂದಿತ್ತು. ಅಂಚಿನಲ್ಲಿ ಮರದ ಹಾಲು ಜಿನುಗುತ್ತಿತ್ತು. ಎದ್ದು ಮುಂತುದಿಗೆ ನಡೆದು, ಜೇಬಿನಲ್ಲಿದ್ದ ಬಸ್ಸಿನ ಟಿಕೇಟನ್ನು ಐದನೇ ದಿಮ್ಮಿಗೂ ಹಡಗಿಗೂ ನಡುವೆ ತೂರಿಸಿದ. ಕಾಗದ ಸರಾಗವಾಗಿ ಹೋಯಿತು. ಅಲ್ಲಿ ಹಡಗು ಕೂತೇ ಇರಲಿಲ್ಲ. ಗಾಳಿಯಲ್ಲಿತ್ತು.

ಒಂಬತ್ತೂವರೆಗೆ ನಡುವಿನ ಸಾಲಿನಲ್ಲಿ ಮೂರಕ್ಕೊಂದರಂತೆ ದಿಮ್ಮಿ ಬಿಚ್ಚುವುದಿತ್ತು. ದಿಮ್ಮಿ ಮುಚ್ಚಿದ ಜಾಗಕ್ಕೂ ಬಣ್ಣ ಆಗಬೇಕಲ್ಲ, ಹಾಗಾಗಿ ಕೆಲವನ್ನು ಹೊಡೆದು ಸರಿಸಿ, ಬಳಿದು, ಮತ್ತೆ ಇಡುತ್ತಾರೆ. ಭಾರ ಎಲ್ಲದರ ಮೇಲೂ ಸಮನಾಗಿ ಹಂಚಿದ್ದರೆ ಅದು ದಿನನಿತ್ಯದ ಕೆಲಸ. ಹೀಗಿರುವಾಗ ಒಂದನ್ನು ತೆಗೆದರೆ ಪಕ್ಕದ್ದು ನುಚ್ಚಾಗುತ್ತದೆ, ಅದರ ಪಕ್ಕದ್ದೂ. ಆಮೇಲೆ ಹಡಗು ಯಾವ ಕಡೆ ವಾಲುತ್ತದೋ ಆ ಕಡೆ ಇದ್ದವರ ಗತಿ ಹೇಳುವುದು ಬೇಡ. ದಿಮ್ಮಿ ಬಿಚ್ಚಿದ ಜಾಗಕ್ಕೆ ಮೊದಲು ನುಗ್ಗುವುದು ಬಣ್ಣದ ತಂಡ. ಆ ತಂಡದ ಯಜಮಾನಿ ಅಜ್ಜನ ಒಬ್ಬಳೇ ಮಗಳು.

ಓಡಿಹೋಗಿ ಹೇಳಬೇಕಿತ್ತು. ಅಜ್ಜ ಓಡಲಿಲ್ಲ.

ಅವನ ಅಣ್ಣನಿಗೆ ಹೀಗೇ ಶುರುವಾಗಿತ್ತು. ಒಂದು ದಿನ ಹೆಂಡತಿಯನ್ನು ಅಕ್ಕಾ ಎಂದು ಕರೆದ. ಮೊದಮೊದಲು ಮನೆಯವರು ನಕ್ಕರು. ಆಮೇಲೆ ಅವನ ಕೈಗೆ ಬೆಂಕಿಪೊಟ್ಟಣ ಸಿಗದ ಹಾಗೆ ಎತ್ತಿಟ್ಟರು. ಆಮೇಲೆ ಹೊರಗಿನಿಂದ ಚಿಲಕ ಹಾಕಿದರು. ಕಿಟಕಿಯ ಸರಳು ಹಿಡಿದು, ನಾನೇನು ಕಳ್ಳನೇನೋ ಎಂದು ತಮ್ಮನನ್ನು ಕೇಳಿದ್ದ. ಅಜ್ಜನಿಗೆ ಆ ಕಿಟಕಿ ಕಂಡಿತು. ಇವತ್ತು ಬಾಯಿ ಬಿಟ್ಟರೆ ನಾಳೆಯಿಂದ ತನ್ನ ಪ್ರತಿ ಮಾತಿಗೂ ಜನ ಮುಖ ಮುಖ ನೋಡಿಕೊಳ್ಳುತ್ತಾರೆ.

ಹೇಳದೆಯೇ ಸರಿಮಾಡಬಹುದೇ ಎಂದು ಯೋಚಿಸಿದ. ತುದಿಯ ದಿಮ್ಮಿಗಳಿಗೆ ಬೆಣೆ ಹೊಡೆದು ಎತ್ತರಿಸಿದರೆ ಭಾರ ಅತ್ತ ಹಂಚಿಕೊಳ್ಳುತ್ತದೆ. ಸುತ್ತಿಗೆ ಎತ್ತಿ ನಾಲ್ಕು ಬೆಣೆ ಹೊಡೆದ. ಐದನೆಯದಕ್ಕೆ ಉಸಿರು ಕಟ್ಟಿತು. ಎರಡೂ ತುದಿ ಸೇರಿ ಐವತ್ತು ದಿಮ್ಮಿ, ಇನ್ನೂರು ಬೆಣೆ. ಹತ್ತು ಜನಕ್ಕೆ ಎರಡು ದಿನದ ಕೆಲಸ. ಅಷ್ಟರಲ್ಲಿ ಸೈರನ್ ಕೂಗಿ ಜನ ಮೆಟ್ಟಿಲಿಳಿದು ಬಂದರು.

ಈಗಿನ ದಿಮ್ಮಿ ಮೇಸ್ತ್ರಿಗೆ ಈ ಕೆಲಸ ಕಲಿಸಿದವನು ಅಜ್ಜನೇ. ಕೊಂಕು ಮಾತಾಡಿದರೂ ಕರುಳಿರುವ ಮನುಷ್ಯ. ಅಜ್ಜ ಅವನನ್ನು ಪಕ್ಕಕ್ಕೆ ಕರೆದು, ಇವತ್ತು ನಡುವಿನ ದಿಮ್ಮಿ ಮುಟ್ಟುವುದು ಬೇಡ, ಎರಡು ದಿನ ಕಳೆಯಲಿ, ಮರ ಇನ್ನೂ ಕೂರುತ್ತಿದೆ ಎಂದ. ಅದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಶನಿವಾರ ಹಡಗಿನ ಸಮಾರಂಭಕ್ಕೆ ದೊಡ್ಡವರೆಲ್ಲ ಬರುತ್ತಾರೆ, ಬ್ಯಾಂಡು ಬಾರಿಸುತ್ತಾರೆ, ಅಷ್ಟರಲ್ಲಿ ಬಣ್ಣ ಒಣಗಬೇಕು ಎಂದು ಮೇಸ್ತ್ರಿ ಲೆಕ್ಕ ಒಪ್ಪಿಸಿದ. ಅಜ್ಜನ ಕೈಯಲ್ಲಿದ್ದ ಸುತ್ತಿಗೆಯನ್ನು ನೋಡಿ ನಕ್ಕ.

"ಸುತ್ತಿಗೆ ಹಿಡಿಯೋ ವಯಸ್ಸೇನಜ್ಜ ಇದು? ನೀವು ನಿಮ್ಮ ಬೆನ್ನಿಗೆ ಎಣ್ಣೆ ಹಚ್ಕೊಳ್ಳಿ, ಹಡಗಿನ ಬೆನ್ನು ನಮಗೆ ಬಿಡಿ."

ಸುತ್ತಲಿದ್ದವರೂ ನಕ್ಕರು. ಅಜ್ಜನೂ ನಕ್ಕ. ಆ ನಗು ಅವನಿಗೇ ಹೇಸಿಗೆಯಾಯಿತು.

ಮಗಳು ತಂಡದೊಂದಿಗೆ ಬಂದಳು. ತಲೆಯ ಮೇಲೆ ಹಳದಿ ಟೋಪಿ; ಕಿವಿಗೆ ಸದ್ದು ತಡೆಯುವ ಮುಚ್ಚಳ ಕುತ್ತಿಗೆಯಲ್ಲಿ ಜೋತಾಡುತ್ತಿತ್ತು. ತಿಂಡಿ ತಿಂದ್ಯಾ ಅಪ್ಪ ಎಂದು ಕೇಳಿದಳು. ಅವನು ತಲೆಯಾಡಿಸಿದ. ತಿಂದಿರಲಿಲ್ಲ. ತಂಡವನ್ನು ಇವತ್ತು ಹಿಂತುದಿಗೆ ಕರಕೊಂಡು ಹೋಗು ಎಂದ. ಯಾಕೆ ಎಂದಳು. ಯಾಕೆ ಎಂಬುದಕ್ಕೆ ಉತ್ತರ ಒಂದೇ ಇತ್ತು, ಅದನ್ನು ಹೇಳಲಿಲ್ಲ. ಸುಮ್ಮನೆ ಎಂದ. ಅವಳು ಅಪ್ಪನ ಹೆಗಲು ತಟ್ಟಿ, ಮೈನು ಒಡೆದ ಜಾಗದ ತೇಪೆ ತೋರಿಸ್ತೀನಿ ಅಂದಿದ್ದೆ, ನಿನ್ನೆ ಕತ್ತಲಲ್ಲಿ ನಮಗೆ ಸಿಗಲಿಲ್ಲ, ಮಧ್ಯಾಹ್ನ ತೋರಿಸು ಎಂದು ಹೇಳಿ ಹೋದಳು.

ಡಾಕ್ ಮಾಸ್ಟರಿಗಾದರೂ ಹೇಳೋಣ, ಒಬ್ಬರ ಕಿವಿಗೆ ಹೇಳುವುದು ಅಷ್ಟು ಕಷ್ಟವಲ್ಲ ಎಂದು ಅಜ್ಜ ಮೆಟ್ಟಿಲು ಹತ್ತತೊಡಗಿದ. ಎಂಬತ್ತನಾಲ್ಕು ಮೆಟ್ಟಿಲು. ಹತ್ತಕ್ಕೊಮ್ಮೆ ನಿಂತ. ದಣಿವಿಗೆ ನಿಲ್ಲುತ್ತಿದ್ದನೋ ಧೈರ್ಯಕ್ಕೆ ಕಾಯುತ್ತಿದ್ದನೋ ಅವನಿಗೂ ತಿಳಿಯಲಿಲ್ಲ. ಐವತ್ತನೇ ಮೆಟ್ಟಿಲಿನಲ್ಲಿದ್ದಾಗ ಕೆಳಗಿನಿಂದ ಟಕ್ ಎಂಬ ಸದ್ದು ಬಂತು, ಯಾರೋ ಒಣಕಡ್ಡಿ ಮುರಿದಷ್ಟು. ಯಾರೂ ತಿರುಗಿ ನೋಡಲಿಲ್ಲ. ಬಿಸಿಲು ಏರಿದಾಗ ಉಕ್ಕು ಹಿಗ್ಗಿ ಹಡಗು ಹಾಗೆ ಮಾತಾಡುವುದುಂಟು. ಆದರೆ ಬಿಸಿಲು ಇನ್ನೂ ಗುಂಡಿಯ ಬಾಯಿಗೂ ಬಂದಿರಲಿಲ್ಲ. ಅದು ಉಕ್ಕಿನ ಸದ್ದಲ್ಲ, ಮರದ್ದು.

ಅಜ್ಜ ತಿರುಗಿ ನೋಡಿದ. ಒಂಬತ್ತು ಗಂಟೆ ಇಪ್ಪತ್ತು ನಿಮಿಷ. ಹಳದಿ ಟೋಪಿ ದಿಮ್ಮಿಗಳ ನಡುವೆ ಬಗ್ಗಿ ಒಳಗೆ ಹೋಯಿತು, ಹಿಂದೆಯೇ ಇನ್ನೆರಡು. ಮೇಸ್ತ್ರಿ ಹೊತ್ತಿಗೆ ಮುಂಚೆಯೇ ಮೂವತ್ತೊಂಬತ್ತನೇ ದಿಮ್ಮಿಗೆ ಇಬ್ಬರನ್ನು ದೊಡ್ಡ ಸುತ್ತಿಗೆ ಕೊಟ್ಟು ನಿಲ್ಲಿಸಿದ್ದ. ಅಜ್ಜ ಕೂಗಿದ. ಯಂತ್ರಗಳ ಗದ್ದಲದಲ್ಲಿ ಕೂಗು ಅವನ ಕಿವಿಗೇ ಬೀಳಲಿಲ್ಲ.

ಹೇಗೆ ಇಳಿದನೋ ಅವನಿಗೆ ಗೊತ್ತಿಲ್ಲ. ಮೊಣಕಾಲು ಕೆತ್ತಿ ರಕ್ತ ಬಂದಿದ್ದು ಆಮೇಲೆ ಕಂಡಿತು. ಸುತ್ತಿಗೆ ಎತ್ತಿದವರ ಮುಂದೆ ಹೋಗಿ ದಿಮ್ಮಿಗೆ ಬೆನ್ನು ಕೊಟ್ಟು ಕೂತುಬಿಟ್ಟ. ಮೇಸ್ತ್ರಿ ಗದರುತ್ತ ಬಂದ.

"ಇದು ಆ ಹಡಗಲ್ಲ," ಅಂದ ಅಜ್ಜ. "ಅದನ್ನ ಒಡೆದು ನಲವತ್ತಮೂರು ವರ್ಷ ಆಯ್ತು. ಇದು ತಂಗಿ. ನಾನು ತಪ್ಪಿ ಜೋಡಿಸಿದ್ದೀನಿ."

"ಅಜ್ಜ, ಹಿಂದುಗಡೆ ಆಳೆತ್ತರಕ್ಕೆ ಹೆಸರು ಬರೆದಿದೆ. ಏಳಿ, ನೆರಳಲ್ಲಿ ಕೂತ್ಕೊಳ್ಳಿ."

"ಹೆಸರನ್ನ ದಿಮ್ಮಿ ಮೇಲೆ ಕೂರಿಸಿಲ್ಲ ಕಣೋ. ಕೈ ಇಡು ಇಲ್ಲಿ."

ಮೇಸ್ತ್ರಿ ಅಜ್ಜನ ಸಮಾಧಾನಕ್ಕೆಂದು ಕೈ ಇಟ್ಟ. ನಾರೆದ್ದ ಹಲಗೆಯನ್ನು ಮುಟ್ಟಿದ. ಮರದ ಹಾಲು ಅಂಗೈಗೆ ಅಂಟಿಕೊಂಡಿತು. ಅವನ ಮುಖದ ಬಣ್ಣ ಇಳಿಯುವುದನ್ನು ಅಜ್ಜ ನೋಡಿದ. ಮೇಸ್ತ್ರಿ ಕೊರಳಿನ ಸೀಟಿ ಬಾಯಿಗಿಟ್ಟು ಮೂರು ಸಲ ಉದ್ದಕ್ಕೆ ಊದಿದ. ಮೂರು ಉದ್ದ ಸೀಟಿ ಎಂದರೆ ಕೈಯಲ್ಲಿರುವುದನ್ನು ಬಿಟ್ಟು ಗೋಡೆಗೆ ಓಡಬೇಕು. ಓಡಿದರು. ಬಕೆಟ್ಟುಗಳು ಉರುಳಿದವು, ಕೆಂಪು ಬಣ್ಣ ಕಾಲುವೆಯಲ್ಲಿ ಹರಿಯಿತು.

ಒಳಗೆ ಹೋದ ಮೂವರು ಬರಲಿಲ್ಲ. ಕಿವಿಗೆ ಮುಚ್ಚಳ ಹಾಕಿಕೊಂಡು ಉಜ್ಜುವ ಯಂತ್ರ ಹಿಡಿದಿದ್ದರು. ಮೇಸ್ತ್ರಿ ಹೊರಡುವಷ್ಟರಲ್ಲಿ ಅಜ್ಜ ಒಳಗೆ ಹೋಗಿಯಾಗಿತ್ತು. ಅವನಿಗೆ ಆ ಜಾಗದಲ್ಲಿ ಕಣ್ಣು ಬೇಕಿರಲಿಲ್ಲ. ನಲವತ್ತು ವರ್ಷ ಅಲ್ಲಿ ಬಗ್ಗಿ ನಡೆದಿದ್ದ, ಒಮ್ಮೆಯೂ ಮೇಲೆ ನೋಡಿ ಹೆದರಿರಲಿಲ್ಲ. ಇವತ್ತು ಎದೆಮಟ್ಟದಲ್ಲಿದ್ದ ಆ ಉಕ್ಕು ಉಸಿರಾಡುತ್ತಿದೆ ಅನ್ನಿಸಿತು. ಎಡಕ್ಕೆ ಒಂದು ಟಕ್. ಬಲಕ್ಕೆ ಒಂದು. ಮೊದಲ ಇಬ್ಬರ ಬೆನ್ನಿಗೆ ಗುದ್ದಿದ. ಅವರು ತಿರುಗಿ ಅವನ ಮುಖ ನೋಡಿದ್ದೇ ಯಂತ್ರ ಬಿಸಾಕಿ ಓಡಿದರು. ಮಗಳು ಇನ್ನೂ ಆಚೆ, ಅಂಗಾತ ಮಲಗಿ ಹೊಟ್ಟೆಯ ಕೆಳಭಾಗ ಉಜ್ಜುತ್ತಿದ್ದಳು. ಪಾದ ಮಾತ್ರ ಕೈಗೆ ಸಿಕ್ಕಿತು. ಹಿಡಿದು ಎಳೆದ. ಹುಡುಗಿಯರು ಯಾರೋ ತಮಾಷೆ ಮಾಡುತ್ತಿದ್ದಾರೆಂದು ಅವಳು ಒದ್ದಳು. ಮತ್ತೆ ಎಳೆದ.

"ಪುಟ್ಟಿ, ಬಾ."

ಕೇಳಿಸಿರಲಾರದು. ಆದರೂ ಅವಳು ಯಂತ್ರ ನಿಲ್ಲಿಸಿ, ತಲೆಯೆತ್ತಿ ಅಪ್ಪನನ್ನು ನೋಡಿದಳು. ಏನೂ ಕೇಳದೆ ಹೊರಳಿ ಮೊಣಕೈ ಊರಿ ತೆವಳಿದಳು. ಇಬ್ಬರೂ ಹೊರಗೆ ಬಂದು ನಾಲ್ಕು ಹೆಜ್ಜೆ ಇಟ್ಟಿದ್ದರು. ಮೂವತ್ತೆಂಟನೇ ದಿಮ್ಮಿ ಸೀಳಿತು. ಸಿಡಿಲು ಪಕ್ಕದ ಮರಕ್ಕೆ ಹೊಡೆದ ಹಾಗಿತ್ತು ಸದ್ದು. ಸೌದೆಯಷ್ಟು ದಪ್ಪದ ಚಕ್ಕೆ ಹಾರಿಹೋಗಿ ಎದುರಿನ ಕಲ್ಲುಗೋಡೆಗೆ ಬಡಿಯಿತು. ಹಡಗು ಒಮ್ಮೆ ನರಳಿ, ನಿಂತಿತು.

ತಲೆ ಎಣಿಸಿದರು. ಎಲ್ಲರೂ ಇದ್ದರು. ಎರಡನೇ ಸಲ ಎಣಿಸಿದರು.

ಡಾಕ್ ಮಾಸ್ಟರ್ ಮೇಲಿನಿಂದ ಓಡಿ ಬಂದಾಗ ಅಜ್ಜ ಅದೇ ಮಾತನ್ನು ಮತ್ತೊಮ್ಮೆ ಹೇಳಬೇಕಾಯಿತು. ಎರಡನೇ ಸಲವೂ ಸುಲಭವಾಗಲಿಲ್ಲ. ಅವರು ಬೈಯಲಿಲ್ಲ. ಡಾಕಿನಲ್ಲಿ ಒಬ್ಬರೂ ಇರಕೂಡದು, ನೀರು ಬಿಡಿ ಎಂದರು. ಹಡಗನ್ನು ಎತ್ತಲು ಸಮುದ್ರಕ್ಕಿಂತ ಬೇರೆ ಯಂತ್ರವಿಲ್ಲ. ಬಾಗಿಲಿನ ತೂಬುಗಳನ್ನು ಕಾಲುಭಾಗ ತೆರೆದರು. ಜಾಸ್ತಿ ತೆರೆದರೆ ರಭಸಕ್ಕೆ ಉಳಿದ ದಿಮ್ಮಿಗಳೂ ಕೊಚ್ಚಿಹೋಗುತ್ತವೆ. ನಾಲ್ಕು ಗಂಟೆ ಹೊತ್ತು ಇನ್ನೂರು ಜನ ದಡದ ಮೇಲೆ ನಿಂತು ಕಿವಿಗೊಟ್ಟರು. ನೀರಿನ ಕೆಳಗೆ ಇನ್ನೂ ಮೂರು ಸಲ ಆ ಸದ್ದು ಬಂತು. ಪ್ರತಿ ಸಲವೂ ಮಗಳು ಅಜ್ಜನ ತೋಳನ್ನು ಹಿಡಿದಳು, ಸದ್ದು ನಿಂತ ಕೂಡಲೇ ಬಿಟ್ಟಳು. ಒಂದೂವರೆಯ ಹೊತ್ತಿಗೆ ಹಡಗು ಮೆಲ್ಲಗೆ ಅಲುಗಿ, ಹಗ್ಗಗಳನ್ನು ಬಿಗಿಮಾಡಿ, ತೇಲಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬಿಬ್ಬರು ಮೂಲೆಗೆ ಹೋಗಿ ವಾಂತಿ ಮಾಡಿಕೊಂಡರು.

ಸಂಜೆ ಆಫೀಸಿನಲ್ಲಿ ಗುಮಾಸ್ತ ವರದಿ ಬರೆಯಲು ಕೂತ. ಡಾಕ್ ಮಾಸ್ಟರ್ ಕಿಟಕಿಯ ಹತ್ತಿರ, ಮೇಸ್ತ್ರಿ ಗೋಡೆಗೊರಗಿ, ಮಗಳು ಬಾಗಿಲಲ್ಲಿ. ಎಲ್ಲರ ಬಾಯಲ್ಲೂ ಅಜ್ಜನಿಂದಲೇ ಜೀವ ಉಳಿಯಿತು ಎಂಬ ಮಾತು ಹುಟ್ಟಿಕೊಂಡಾಗಿತ್ತು. ಮರ ಬಿರುಕು ಬಿಟ್ಟ ಸದ್ದು ಕೇಳಿ ಅಜ್ಜನಿಗೆ ಗೊತ್ತಾಯಿತು, ತಕ್ಷಣ ಕೆಳಗೆ ಓಡಿದರು ಎಂದು ಮೇಸ್ತ್ರಿ ಆಗಲೇ ಹೇಳಿ ಬರೆಸಿದ್ದ. ಹಾಗೇ ಬಿಡಬಹುದಿತ್ತು. ಬೆಳಿಗ್ಗೆ ಏಳಕ್ಕೆ ಅಜ್ಜ ಕೆಳಗಿದ್ದುದನ್ನು ಕಂಡವರು ಯಾರೂ ಇರಲಿಲ್ಲ.

"ತಪ್ಪಾಗಿದೆ ಅಂತ ನಿಮಗೆ ಗೊತ್ತಾದಾಗ ಟೈಮ್ ಎಷ್ಟು? ಒಂಬತ್ತು ಇಪ್ಪತ್ತು ಅಂತ ಹಾಕಲಾ?" ಗುಮಾಸ್ತ ತಲೆಯೆತ್ತದೆ ಕೇಳಿದ.

ಅಜ್ಜನಿಗೆ ಬೆಳಿಗ್ಗೆಗಿಂತ ಈಗ ಹೆಚ್ಚು ಹೆದರಿಕೆಯಾಯಿತು.

"ಏಳು ಗಂಟೆ," ಅಂದ.

ಪೆನ್ನು ನಿಂತಿತು. ಮೇಸ್ತ್ರಿ ನೆಲ ನೋಡಿದ. ಅವನ ಇಬ್ಬರು ಅಳಿಯಂದಿರೂ ಎಂಟರಿಂದ ಹಡಗಿನ ಕೆಳಗಿದ್ದರು.

"ಏಳರಿಂದ ಒಂಬತ್ತು ಇಪ್ಪತ್ತರ ತನಕ ಏನು ಮಾಡ್ತಿದ್ರಿ?"

"ಹೆದರಿಕೊಂಡಿದ್ದೆ."

ಗುಮಾಸ್ತ ಡಾಕ್ ಮಾಸ್ಟರ್ ಕಡೆ ನೋಡಿದ. ಇದನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದು ಎಂಬ ಹಾಗಿತ್ತು ಅವನ ಮುಖ. ಡಾಕ್ ಮಾಸ್ಟರ್ ಕಿಟಕಿಯಿಂದ ಇತ್ತ ತಿರುಗಿ, ಅವರು ಹೇಳಿದ ಹಾಗೇ ಬರೆಯಿರಿ ಎಂದರು.

ಅಜ್ಜ ಬಾಗಿಲ ಕಡೆ ತಿರುಗಲಿಲ್ಲ. ಅಲ್ಲಿ ನಿಂತವಳ ಉಸಿರು ಕೇಳಿಸುತ್ತಿತ್ತು. ಸಹಿ ಹಾಕಲು ಕಾಗದ ಮುಂದೆ ಬಂದಾಗ ಅವನ ಕೈ ನಿಲ್ಲದೆ ನಡುಗಿತು, ಅಕ್ಷರ ಕೂಡಲಿಲ್ಲ. ಮಗಳು ಬಂದಳು. ಅವನ ಮುಖ ನೋಡಲಿಲ್ಲ. ಅಲುಗಾಡುತ್ತಿದ್ದ ಕಾಗದದ ಎರಡೂ ಅಂಚುಗಳನ್ನು ಮೇಜಿಗೆ ಒತ್ತಿ ಹಿಡಿದು, ಬರೆದು ಮುಗಿಯುವ ತನಕ ನಿಂತಳು.